ಎರವಲು ಕಂಠದ ನಾಯಿಕೆ

1960ರ ದಶಕದಲ್ಲಿ ಇಟಲಿಯವರು ಅಮೆರಿಕದ ಕುದುರೆ-ಕೋವಿಯ ಕಥೆಗಳನ್ನು ಹೆಚ್ಚಾಗಿ ಸ್ಪೇನಿನ ಬಯಲುಗಳಲ್ಲಿ ಚಿತ್ರಿಸತೊಡಗಿದಾಗ ಅವುಗಳಿಗೆ ‘ಸ್ಪೆಗೆಟ್ಟಿ ವೆಸ್ಟರ್ನ್’ ಎಂಬ ಅಡ್ಡಹೆಸರು ಬಿದ್ದಿತು. ಸ್ಪೆಗೆಟ್ಟಿಯೆಂದರೆ ನಮ್ಮ ಶಾವಿಗೆಯ ಜಾತಿಯ ತಿನಿಸು. ಹೆಸರಿನಲ್ಲಿ ಪರಿಹಾಸ್ಯವಿದೆ, ಚಿತ್ರಗಳೆಲ್ಲವೂ ಪರಿಹಾಸ್ಯಕ್ಕೆ ತಕ್ಕವಲ್ಲ. ಆದರೆ ಆ ಲೋಕ ಗಂಡಸರದು. ಹೆಣ್ಣು ಅಲ್ಲಿ ಅಳುವುದಕ್ಕೋ ಅಪಹೃತಳಾಗುವುದಕ್ಕೋ ಬರುವವಳು. ಸೆರ್ಜಿಯೊ ಲಿಯೋನೆಯ ಮೊದಲ ಮೂರು ವೆಸ್ಟರ್ನ್‌ಗಳ ನಾಯಿಕೆ ಯಾರೆಂದು ಕೇಳಿದರೆ, ನೋಡಿದವರಿಗೂ ಉತ್ತರ ಹೊಳೆಯದು. 1968ರಲ್ಲಿ ಬಂದ ನಾಲ್ಕನೆಯದು, ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’, ಈ ಕೊರತೆಯನ್ನು ತುಂಬಿತು. ತುಂಬಿದಾಕೆ ಕ್ಲಾಡಿಯಾ ಕಾರ್ಡಿನಾಲೆ.

ಆಕೆ 1938ರಲ್ಲಿ ಹುಟ್ಟಿದ್ದು ಇಟಲಿಯಲ್ಲಲ್ಲ, ಫ್ರೆಂಚರ ಅಧೀನದಲ್ಲಿದ್ದ ಟ್ಯುನೀಸಿಯದಲ್ಲಿ. ಮನೆಯಲ್ಲಿ ಸಿಸಿಲಿಯ ನುಡಿ, ಶಾಲೆಯಲ್ಲಿ ಫ್ರೆಂಚ್, ಬೀದಿಯಲ್ಲಿ ಅರಬ್ಬಿ. ಇಟಾಲಿಯನ್ ಆಮೇಲೆ ಕಲಿತ ಭಾಷೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ, ತರಗತಿಯಲ್ಲಿ ಮರಾಠಿ ಇಲ್ಲವೆ ಇಂಗ್ಲಿಷ್ ಎಂದು ಬೆಳೆಯುವ ಮಕ್ಕಳನ್ನು ದಿನವೂ ಕಾಣುವ ನಮಗೆ, ವಾಳಪೈಯ ಶಿಕ್ಷಕರಿಗೆ, ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಸೌಂದರ್ಯಸ್ಪರ್ಧೆಯೊಂದರ ಬಹುಮಾನವಾಗಿ ವೆನಿಸ್ಸಿನ ಚಿತ್ರೋತ್ಸವಕ್ಕೆ ಹೋದ ಆಕೆಯ ಮುಖವನ್ನು ಚಿತ್ರರಂಗ ಬರಮಾಡಿಕೊಂಡಿತು; ಕಂಠವನ್ನು ಹೊಸ್ತಿಲಾಚೆಯೇ ನಿಲ್ಲಿಸಿತು. ಮೊದಲ ಇಟಾಲಿಯನ್ ಚಿತ್ರಗಳಲ್ಲಿ ಆಕೆಗೆ ಬೇರೆಯವರ ಕಂಠದಾನ. 1963ರಲ್ಲಿ ಫೆಲಿನಿ ತನ್ನ ‘ಎಂಟೂವರೆ’ಯಲ್ಲಿ ಆಕೆಯ ಸ್ವಂತ ಸ್ವರವನ್ನು ಉಳಿಸಿಕೊಂಡ. ತುಸು ಒಡಕಾದ, ಗಡುಸಾದ ಸ್ವರ ಅದು. ನನ್ನ ಕಿವಿಗಂತೂ ಮುಖಕ್ಕಿಂತ ಹೆಚ್ಚು ಹಿಡಿಸಿತು.

ಇನ್ನು ಲಿಯೋನೆಯ ಚಿತ್ರ. ಜಿಲ್ ಎಂಬ ಹೆಣ್ಣು ನ್ಯೂ ಆರ್ಲಿಯನ್ಸಿನ ವೇಶ್ಯಾವೃತ್ತಿಯನ್ನು ಬಿಟ್ಟು, ಗುಟ್ಟಾಗಿ ಮದುವೆಯಾದ ಗಂಡನ ಮನೆಗೆಂದು ರೈಲಿನಿಂದ ಇಳಿಯುತ್ತಾಳೆ. ಕರೆದೊಯ್ಯಲು ಯಾರೂ ಬಂದಿಲ್ಲ. ಗಂಡನೂ ಮಕ್ಕಳೂ ಆಗಲೇ ಕೊಲೆಯಾಗಿರುವುದನ್ನು ಪ್ರೇಕ್ಷಕರು ಬಲ್ಲರು, ಅವಳು ಅರಿಯಳು. ಅವಳು ಗಡಿಯಾರ ನೋಡುತ್ತಾಳೆ, ಸ್ಟೇಶನ್ ಮಾಸ್ತರರ ಕೋಣೆಗೆ ಹೋಗಿ ಏನೋ ವಿಚಾರಿಸುತ್ತಾಳೆ. ಕ್ಯಾಮೆರಾ ಕಿಟಕಿಯ ಹೊರಗೇ ನಿಂತಿದೆ. ತುಟಿ ಚಲಿಸುವುದು ಕಾಣುತ್ತದೆ, ಮಾತು ಕೇಳಿಸದು. ಆಗ ಮೊರಿಕೋನೆಯ ಸಂಗೀತ ಏಳುತ್ತದೆ. ಎಡ್ಡಾ ದೆಲ್ಲೋರ್ಸೊ ಎಂಬ ಗಾಯಕಿ ಪದವೇ ಇಲ್ಲದೆ ಆಲಾಪಿಸುತ್ತಾಳೆ. ಕ್ಯಾಮೆರಾ ಮಾಡು ದಾಟಿ ಮೇಲೇರಿ ಇಡೀ ಊರನ್ನು ತೆರೆದು ತೋರಿಸುತ್ತದೆ. ಚಿತ್ರೀಕರಣಕ್ಕೆ ಮುಂಚೆಯೇ ರಚಿತವಾಗಿದ್ದ ಈ ಸಂಗೀತವನ್ನು ಲಿಯೋನೆ ನಟವರ್ಗದ ಮುಂದೆ ನುಡಿಸುತ್ತಿದ್ದನು. ಕಾರ್ಡಿನಾಲೆಯ ನಡಿಗೆಯಲ್ಲಿ ಆ ಲಯ ಹೊಕ್ಕಿದೆ. ಮಾತಿಲ್ಲದ ಈ ಮೂರು ನಿಮಿಷಗಳಿಗೆ ಸಮನಾದ ಅಭಿನಯವನ್ನು ಈ ಜಾತಿಯ ಚಿತ್ರಗಳಲ್ಲಿ ನಾನು ಕಂಡಿಲ್ಲ. ‘ಬರಿಯ ಚೆಲುವೆ’ ಎಂದು ಆಕೆಯನ್ನು ತಳ್ಳಿಹಾಕುವವರು ಈ ದೃಶ್ಯವನ್ನು ಮತ್ತೊಮ್ಮೆ ನೋಡಲಿ.

ಆದರೆ ಅವಳು ಬಾಯಿ ತೆರೆದಾಗ? ಇಂಗ್ಲಿಷ್ ಪ್ರತಿಯಲ್ಲಿ ಕೇಳುವುದು ಬೇರೊಬ್ಬಳ ಸ್ವರ. ಇಟಾಲಿಯನ್ ಪ್ರತಿಯಲ್ಲಿ ಮತ್ತೊಬ್ಬಳದು. ಆ ಕಾಲದ ಇಟಲಿಯಲ್ಲಿ ಎಲ್ಲರಿಗೂ ಕಂಠದಾನವಿತ್ತೆಂದು ಸಮಾಧಾನ ಹೇಳಬಹುದು. ಅದು ನಿಜವೇ. ಆದರೂ ಹೆನ್ರಿ ಫೋಂಡಾ, ಚಾರ್ಲ್ಸ್ ಬ್ರಾನ್ಸನ್ ಇಂಗ್ಲಿಷ್ ಪ್ರತಿಯಲ್ಲಾದರೂ ತಮ್ಮ ಸ್ವರದಲ್ಲಿ ಮಾತಾಡುತ್ತಾರೆ. ಈಕೆಗೆ ಎರಡರಲ್ಲಿಯೂ ಎಡೆಯಿಲ್ಲ. ಕಥೆಯೇನೋ ಉದಾರವಾಗಿದೆ: ರೈಲಿಗೆ ಬೇಕಾದ ನೀರಿನ ನೆಲ ಅವಳದಾಗುತ್ತದೆ, ಗಂಡಸರು ಸಾಯುತ್ತಾರೆ ಇಲ್ಲವೆ ಹೊರಟುಹೋಗುತ್ತಾರೆ, ಅವಳು ಕೂಲಿಗಳಿಗೆ ನೀರು ಕೊಡುತ್ತ ಉಳಿಯುತ್ತಾಳೆ. ಕೆಲಸಗಾರನೊಬ್ಬ ಮೈ ತಟ್ಟಿದರೆ ಅದನ್ನು ಗಣಿಸಬೇಡವೆಂದು ಅವಳಿಗೆ ಬೋಧಿಸುವ ಮಾತು ಮಾತ್ರ ನನಗೆ ಸಹ್ಯವಾಗಲಿಲ್ಲ.

ಈ ಚಿತ್ರದ ಛಾಯೆ ನಮ್ಮ ನಾಡಿಗೂ ಬಂದಿತು. ರಮೇಶ ಸಿಪ್ಪಿಯವರು ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ಯಲ್ಲಿ (1975) ಠಾಕೂರನ ಮನೆಯವರ ಕೊಲೆಯ ದೃಶ್ಯ ಲಿಯೋನೆಗೆ ಋಣಿ. ಅಲ್ಲಿ ವಿಧವೆ ರಾಧೆಗೆ ನೆಲವಿಲ್ಲ, ನೀರಿಲ್ಲ. ಸಂಜೆಯ ದೀಪ ಆರಿಸುವುದಷ್ಟೇ ಪಾಲು. ಆದರೆ ಜಟಕಾ ಓಡಿಸುವ ಬಸಂತಿಯನ್ನು ನೋಡಿರಿ. ತಮಿಳು ಮನೆಮಾತಿನ ಹೇಮಾಮಾಲಿನಿ ತಮ್ಮದೇ ಸ್ವರದಲ್ಲಿ, ತಮ್ಮದೇ ಧಾಟಿಯ ಹಿಂದಿಯಲ್ಲಿ ಬಿಡುವಿಲ್ಲದೆ ಮಾತಾಡುತ್ತಾರೆ. ಕಲೆಯಲ್ಲಿ ಲಿಯೋನೆಯ ಚಿತ್ರ ಮೇಲೆಂದೇ ನನ್ನ ಎಣಿಕೆ. ಈ ಒಂದು ವಿಷಯದಲ್ಲಿ ರಾಮನಗರದ್ದು ಮೇಲು.

ಕಾರ್ಡಿನಾಲೆ ವೆಸ್ಟರ್ನ್ ಮಾದರಿಯಲ್ಲಿ ನಟಿಸಿದ್ದು ಕಡಿಮೆ. 1966ರ ಅಮೆರಿಕದ ‘ದ ಪ್ರೊಫೆಶನಲ್ಸ್’ ಒಂದು. 1971ರಲ್ಲಿ ಬ್ರಿಜಿತ್ ಬಾರ್ದೋಳೊಡನೆ ಮುಷ್ಟಿಕಾಳಗವಾಡಿದ ಫ್ರೆಂಚ್ ಹಾಸ್ಯಚಿತ್ರ ಇನ್ನೊಂದು, ಅದರಲ್ಲಿ ಕಾಳಗದ ಹೊರತು ಹೇಳುವಂಥದ್ದೇನೂ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಆಕೆ ತೀರಿಕೊಂಡ ಸುದ್ದಿ ಬಂದಾಗ ಜಿಲ್‌ಳನ್ನು ಮತ್ತೆ ನೋಡಿದೆನು. ನೋಡುತ್ತಿರುವಾಗ ಹಳೆಯದೊಂದು ನೆನಪಾಯಿತು. ಶಾಲೆಯ ಒಂದು ಮರಾಠಿ ನಾಟಕದಲ್ಲಿ ಕನ್ನಡ ಮನೆಯ ಹುಡುಗಿಯೊಬ್ಬಳಿಗೆ ರಾಣಿಯ ಪಾತ್ರ ಕೊಟ್ಟು, ಉಚ್ಚಾರ ಕೇಳಿ ಅತಿಥಿಗಳು ನಕ್ಕಾರೆಂದು, ಮಾತುಗಳನ್ನು ಪರದೆಯ ಹಿಂದಿನಿಂದ ಬೇರೊಬ್ಬಳ ಕೈಯಲ್ಲಿ ಹೇಳಿಸಿದವನು ನಾನೇ. ಚಪ್ಪಾಳೆ ಬಿದ್ದಿತು. ಹುಡುಗಿ ನನ್ನ ಬಳಿಗೆ ಬಂದು, ‘ಸರ್, ನನಗೆ ಎಲ್ಲ ಮಾತೂ ಬಾಯಿಪಾಠ ಬಂದಿತ್ತು’ ಎಂದಳು.