ಪಾದಕ್ಕೆ ತಿಳಿದ ಮಳೆ

ಡಿಕುಮಡ್‌ನಲ್ಲಿ ಚಿತ್ರವಿಲ್ಲ, ಸದ್ದಿಲ್ಲ, ಇರುವುದು ಅಕ್ಷರ ಮಾತ್ರ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ವಿಭಾಗದ ಐವರು 1991ರಲ್ಲಿ ಹೊರತಂದ ಈ ಆಟಕ್ಕೆ ಹತ್ತಾರು ಜನ ಏಕಕಾಲಕ್ಕೆ ಟೆಲ್ನೆಟ್ ಮೂಲಕ ಬಂದು, ಓದುತ್ತ, ಟೈಪ್ ಮಾಡುತ್ತ ಆಡುತ್ತಿದ್ದರು. ಅಲ್ಲಿ ‘ವೆದರ್’ ಎಂದು ಟೈಪ್ ಮಾಡಿದರೆ ಆಕಾಶದ ಸ್ಥಿತಿ ಒಂದು ಸಾಲಿನಲ್ಲಿ ಬರುತ್ತದೆ. ಹವೆ ಸುಧಾರಿಸುತ್ತಿದ್ದರೆ ದಕ್ಷಿಣದಿಂದ ಬೆಚ್ಚನೆಯ ಗಾಳಿ ಸೋಕುತ್ತದೆ. ಕೆಡುತ್ತಿದ್ದರೆ ಆ ಸುದ್ದಿ ಹೇಳುವುದು ಆಟಗಾರನ ಪಾದ! ಮೋಡ ಕಾಣುವ ಮೊದಲೇ ಮಂಡಿ ಹಿಡಿದುಕೊಂಡು ಕೂರುತ್ತಿದ್ದ ಅಜ್ಜಿಯನ್ನು ಕಂಡವರಿಗೆ ಈ ಸಾಲನ್ನು ವಿವರಿಸಬೇಕಾಗಿಲ್ಲ. ಅಕ್ಷರದ ಆಟದಲ್ಲಿ ಹವಾಮಾನವನ್ನು ಮೈಗೆ ತಂದ ಇಷ್ಟು ಚಿಕ್ಕ, ಇಷ್ಟು ಚೊಕ್ಕ ವಾಕ್ಯವನ್ನು ನಾನು ಮತ್ತೊಂದು ಕಂಡಿಲ್ಲ.

ಅದರ ಹಿಂದಿನ ಲೆಕ್ಕವೂ ಸೊಗಸಾಗಿದೆ. ಆಟದ ಒಂದು ಗಂಟೆ ನಮ್ಮ 75 ಸೆಕೆಂಡು, ಒಂದು ದಿನ ನಮ್ಮ ಅರ್ಧ ಗಂಟೆ. ಗಂಟೆಗೊಮ್ಮೆ ದಾಳ ಉರುಳಿ ವಾಯುಭಾರ ಏರಿಳಿಯುತ್ತದೆ, ಆದರೆ 960ಕ್ಕಿಂತ ಕೆಳಗೆ, 1040ಕ್ಕಿಂತ ಮೇಲೆ ಹೋಗದು. ಒಂದು ಗಂಟೆಯಲ್ಲಿ 12ಕ್ಕಿಂತ ಹೆಚ್ಚು ಬದಲಾಗದು. ಬರೀ ದಾಳವನ್ನೇ ನೆಚ್ಚಿದ್ದರೆ ಬಿಸಿಲು, ಸಿಡಿಲು ಕ್ರಮವಿಲ್ಲದೆ ಬಂದುಹೋಗುತ್ತಿದ್ದವು. ಇಲ್ಲಿ ಹಾಗಿಲ್ಲ: ಮೊದಲು ಮೋಡ, ಆಮೇಲೆ ಮಳೆ, ಕೊನೆಗೆ ಮಿಂಚು. ವರ್ಷದ 17 ತಿಂಗಳುಗಳಲ್ಲಿ ಕೆಲವು ತಿಂಗಳು ವಾಯುಭಾರ ತಗ್ಗಿನತ್ತ ವಾಲುತ್ತದೆ, ಹಾಗಾಗಿ ಮಳೆಗಾಲವೂ ಉಂಟು.

ಈ ಮಳೆಯಿಂದ ಆಟದಲ್ಲಿ ಆಗುವುದೇನು? ಮಿಂಚನ್ನು ಕರೆದು ಶತ್ರುವಿನ ಮೇಲೆ ಕೆಡವುವ ಮಂತ್ರವೊಂದಿದೆ. ಬಯಲಿನಲ್ಲಿ ನಿಂತಿರಬೇಕು, ಮಳೆಯೋ ಮಿಂಚೋ ಇರಬೇಕು, ಆಗಲೇ ಅದು ಫಲಿಸುವುದು. ಹವೆಯನ್ನು ಕೆಡಿಸುವ ಮಂತ್ರವೂ ಬೇರೆ ಇದೆ. ಮೊದಲು ಹವೆ ಕೆಡಿಸಿ, ಮಳೆ ಶುರುವಾಗುವವರೆಗೆ ಕಾದು, ಆಮೇಲೆ ಮಿಂಚು ಕರೆಯುವವನಿಗೆ ಆಕಾಶ ಬರೀ ಪರದೆಯಲ್ಲ, ಆಯುಧ.

ಅಲ್ಲಿಂದಾಚೆಗೆ ಮಳೆ ಹೆಚ್ಚೇನೂ ಮಾಡುವುದಿಲ್ಲ. ಇಡೀ ಜಗತ್ತಿಗೆ ಒಂದೇ ಆಕಾಶ. ಪೇಟೆಯಲ್ಲಿ ಹನಿದರೆ ಮರಳುಗಾಡಿನಲ್ಲೂ ಅದೇ ಗಳಿಗೆಗೆ ಹನಿಯುತ್ತದೆ. ನಡೆಯಲು ಬಯಲಿಗೆ 2, ಕಾಡಿಗೆ 3, ಗುಡ್ಡಕ್ಕೆ 4 ಎಂದು ಶಕ್ತಿಯ ಖರ್ಚು ಗೊತ್ತುಮಾಡಿದ್ದಾರೆ, ಎಷ್ಟು ಸುರಿದರೂ ಅದು ಏರುವುದಿಲ್ಲ. ಹೊಳೆ ಉಕ್ಕುವುದಿಲ್ಲ, ದಾರಿ ಕೆಸರಾಗುವುದಿಲ್ಲ. ಸೋನೆ, ತುಂತುರು, ಜಡಿಮಳೆ ಎಲ್ಲಕ್ಕೂ ‘ಮಳೆ’ ಒಂದೇ ಮಾತು. ಪದವೇ ಬಂಡವಾಳವಾದ ಆಟಕ್ಕೆ ಈ ಬಡತನ ಸಲ್ಲದು.

ಅಪಾಯ ಇಲ್ಲವೆಂದಲ್ಲ. ‘ಡೆತ್ ಟ್ರ್ಯಾಪ್’ ಎಂಬ ಕೋಣೆಗಳಿವೆ. ಕಾಲಿಟ್ಟರೆ ಮುಗಿಯಿತು, ಪಾತ್ರ ಸತ್ತಿತು, ಮೈಮೇಲಿದ್ದ ಸಾಮಗ್ರಿಯೂ ಹೋಯಿತು. ತಪ್ಪಿಸಿಕೊಳ್ಳಲು ಒಂದು ಕ್ಷಣವೂ ಸಿಗುವುದಿಲ್ಲ. ಡಿಕುಮಡ್ ಸೋತದ್ದು ಇಲ್ಲೇ. ಮುನ್ಸೂಚನೆಯಿರುವ ಮಳೆ ಯಾರನ್ನೂ ಕೊಲ್ಲುವುದಿಲ್ಲ, ಕೊಲ್ಲುವ ಕೋಣೆಯ ಬಗ್ಗೆ ಪಾದ ತುಟಿ ಬಿಚ್ಚುವುದಿಲ್ಲ. ಎರಡನ್ನೂ ಜೋಡಿಸಿದ್ದರೆ? ಪಾದ ಎಚ್ಚರಿಸುತ್ತದೆ. ಎರಡು ಗಂಟೆ ಕಳೆದ ಮೇಲೆ ಹೊಳೆಯ ದಂಡೆಯ ವರ್ಣನೆಯಲ್ಲಿ ನೀರು ಕೆಂಪಾಗುತ್ತದೆ. ಆಮೇಲೆ ದಾಟುಗಲ್ಲುಗಳ ಮಾತೇ ವರ್ಣನೆಯಿಂದ ಮಾಯವಾಗುತ್ತದೆ. ಗಮನವಿಟ್ಟು ಓದಿದವನು ದಡದಲ್ಲೇ ನಿಲ್ಲುತ್ತಾನೆ, ಓದದೆ ಓಡಿದವನು ಕೊಚ್ಚಿಹೋಗುತ್ತಾನೆ. ಆಗ ಸತ್ತವನೂ ತನ್ನ ಸಾವು ನ್ಯಾಯವೆಂದು ಒಪ್ಪುತ್ತಾನೆ.

ಡಿಕುಮಡ್‌ನ ಕೋಡ್ ಇಂದಿಗೂ ಯಾರು ಬೇಕಾದರೂ ತೆರೆದು ಓದುವಂತಿದೆ. ಅಕ್ಷರದ ಆಟ ಕಟ್ಟಲು ಹೊರಟವರು ಅದರ ಹವಾಮಾನದ ಭಾಗವನ್ನು ಮೊದಲು ಓದಲಿ. ವಾಯುಭಾರದ ಲೆಕ್ಕವನ್ನು ಹಾಗೆಯೇ ಉಳಿಸಿಕೊಂಡು, ಪ್ರತಿ ಸೀಮೆಗೂ ಅದರದೇ ಆಕಾಶ ಕೊಡಲಿ, ಹೊಳೆಗೆ ಉಕ್ಕಲು ಬಿಡಲಿ.