ಒಪ್ಪಿಗೆಯ ಕಾಲಂನಲ್ಲಿ ಯಾರ ಗುರುತು?

2017ರ ಆಗಸ್ಟ್‌ನಿಂದಾಚೆಗೆ ಮ್ಯಾನ್ಮಾರ್ ಸೇನೆಯ ದಾಳಿಗೆ ಸಿಕ್ಕಿ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿಬಂದರು. ಮರುವರ್ಷ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯೂ ಬಾಂಗ್ಲಾ ಸರ್ಕಾರವೂ ಕೂಡಿ ಕಾಕ್ಸ್ ಬಜಾರ್ ಶಿಬಿರಗಳಲ್ಲಿ ನೋಂದಣಿ ಶುರುಮಾಡಿದವು. ಹೆಸರು, ಊರು, ಫೋಟೊ, ಬೆರಳಚ್ಚು, ಕಣ್ಣಿನ ಸ್ಕ್ಯಾನ್ ಕೊಟ್ಟವರಿಗೆ ಸ್ಮಾರ್ಟ್ ಕಾರ್ಡ್ ಸಿಕ್ಕಿತು.

ಆ ಕಾರ್ಡನ್ನು ಹಗುರವಾಗಿ ಕಾಣಲು ಸಾಧ್ಯವಿಲ್ಲ. ಮ್ಯಾನ್ಮಾರ್‌ನ 1982ರ ಪೌರತ್ವ ಕಾನೂನಿನಿಂದ ಹುಟ್ಟಿದ ನೆಲದಲ್ಲೇ ಹೊರಗಿನವರಾದ ಈ ಜನರಲ್ಲಿ ಅನೇಕರ ಕೈಗೆ ಗುರುತಿನ ಚೀಟಿ ಬಂದದ್ದೇ ಮೊದಲ ಸಲ.

ಅನ್ಯಾಯವಾದದ್ದು ಮಾಹಿತಿ ಮುಂದೆ ಸಾಗಿದ ದಾರಿಯಲ್ಲಿ. ಮಾನವ ಹಕ್ಕುಗಳ ಸಂಘಟನೆ ಹ್ಯೂಮನ್ ರೈಟ್ಸ್ ವಾಚ್ 2021ರ ಜೂನ್‌ನಲ್ಲಿ ಹೊರಗೆಡಹಿದಂತೆ, ನಿರಾಶ್ರಿತರ ಸಂಸ್ಥೆ ಬಾಂಗ್ಲಾದೇಶಕ್ಕೆ ಕೊಟ್ಟ ವಿವರವನ್ನು ಬಾಂಗ್ಲಾದೇಶ ಮ್ಯಾನ್ಮಾರ್‌ಗೆ ಒಪ್ಪಿಸಿತು. ವಾಪಸಾತಿಗೆ ಯಾರು ಅರ್ಹರೆಂದು ಪರಿಶೀಲಿಸಲು ಹೋದ ಪಟ್ಟಿಗಳಲ್ಲಿ 8,30,000ದಷ್ಟು ಹೆಸರುಗಳಿದ್ದವು. ಯಾರ ಬಂದೂಕಿಗೆ ಹೆದರಿ ಓಡಿಬಂದರೋ ಅವರ ಕೈಗೇ ಓಡಿಬಂದವರ ಮುಖ, ಬೆರಳಚ್ಚು ಸಿಕ್ಕಂತಾಯಿತು!

ವಿವರ ಹಂಚಿಕೊಳ್ಳಲು ಒಪ್ಪಿಗೆ ಕೇಳಿದ್ದೆವು, ಒಪ್ಪದವರಿಗೂ ಕಾರ್ಡ್ ಸಿಗುತ್ತದೆಂದು ತಿಳಿಸಿದ್ದೆವು ಎಂಬುದು ನಿರಾಶ್ರಿತರ ಸಂಸ್ಥೆಯ ಸಮರ್ಥನೆ. ಹ್ಯೂಮನ್ ರೈಟ್ಸ್ ವಾಚ್ ತನ್ನ ವರದಿಗಾಗಿ ಮಾತಾಡಿಸಿದ 24 ಮಂದಿಯಲ್ಲಿ ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಹೇಳಿದ್ದು ಬೇರೆಯೇ. ನೆರವು ಬೇಕಾದರೆ ನೋಂದಾಯಿಸಿಕೊಳ್ಳಿ ಎಂದರು, ಮ್ಯಾನ್ಮಾರ್ ಹೆಸರನ್ನೇ ಎತ್ತಲಿಲ್ಲ ಎಂದು. ನೋಂದಣಿಯ ಬಳಿಕ ಕೊಟ್ಟ ರಸೀತಿ ಇದ್ದದ್ದು ಇಂಗ್ಲಿಷಿನಲ್ಲಿ ಮಾತ್ರ; ಆ 24 ಮಂದಿಯಲ್ಲಿ ಅದನ್ನು ಓದಬಲ್ಲವರು ಮೂವರು. ಅವರಲ್ಲೊಬ್ಬರು ಹೊರಬಂದು ನೋಡಿದರೆ, ವಿವರವನ್ನು ಮ್ಯಾನ್ಮಾರ್‌ಗೆ ಕೊಡಬಹುದೇ ಎಂಬಲ್ಲಿ ತಮ್ಮನ್ನು ಕೇಳದೆಯೇ ‘ಹೌದು’ ಕಾಲಂನಲ್ಲಿ ಗುರುತು ಬಿದ್ದಿತ್ತು.

ಹಾಗೆಂದು ಗುರುತು ಹಾಕಿದ ಆ ಒಬ್ಬ ಸಿಬ್ಬಂದಿಯ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳಲಾಗದು. ದೋಷವಿರುವುದು ವ್ಯವಸ್ಥೆಯಲ್ಲಿ. ಅಕ್ಕಿ, ಬೇಳೆ, ಬಿದಿರಿನ ಸೂರಿಗೂ ವಾಪಸಾತಿಯ ಪಟ್ಟಿಗೂ ಒಂದೇ ನೋಂದಣಿ, ಒಂದೇ ಮೇಜು. ಮಕ್ಕಳನ್ನು ಕಟ್ಟಿಕೊಂಡು ಆ ಮೇಜಿನ ಮುಂದೆ ನಿಂತ ತಾಯಿಗೆ ಬೇಡವೆನ್ನುವ ಧೈರ್ಯ ಎಲ್ಲಿಂದ ಬರಬೇಕು? ದತ್ತಾಂಶ ರಕ್ಷಣೆಗೆಂದೇ ನಿರಾಶ್ರಿತರ ಸಂಸ್ಥೆ 2015ರಲ್ಲಿ ಒಳ್ಳೆಯ ನೀತಿಯೊಂದನ್ನು ರೂಪಿಸಿತ್ತು. ಅದನ್ನು ಪಾಲಿಸುವ ಸಂದರ್ಭ ಬಂದಾಗ ಕೈಬಿಟ್ಟದ್ದು ನನ್ನ ಕಣ್ಣಿಗೆ ಅಕ್ಷಮ್ಯ.

ಶಿಬಿರದವರಿಗೆ ಅಪಾಯದ ಅರಿವಿರಲಿಲ್ಲ ಎನ್ನುವಂತಿಲ್ಲ. 2018ರ ನವೆಂಬರ್‌ನಲ್ಲೇ ಈ ಕಾರ್ಡಿನ ವಿಚಾರವಾಗಿ ಅವರು ಮುಷ್ಕರ ಹೂಡಿದ್ದರು. ತಮ್ಮ ಜನಾಂಗದ ಹೆಸರು ಕಾರ್ಡಿನಲ್ಲಿರಬೇಕು, ಬೆರಳಚ್ಚಿನಂಥ ವಿವರ ಮ್ಯಾನ್ಮಾರ್‌ಗೆ ಹೋಗಕೂಡದು ಎಂಬುದು ಅವರ ಬೇಡಿಕೆಯಾಗಿತ್ತು.

2021ರ ಫೆಬ್ರವರಿಯಲ್ಲಿ ಸೇನೆಯೇ ಮ್ಯಾನ್ಮಾರ್‌ನ ಆಡಳಿತವನ್ನು ಕಸಿದುಕೊಂಡಿತು. ಕೈತಪ್ಪಿದ ಪಾಸ್‌ವರ್ಡ್ ಬದಲಿಸಬಹುದು, ಬೆರಳನ್ನಲ್ಲ. ಯಾರ ಯಾವ ವಿವರ ಗಡಿಯಾಚೆ ಹೋಗಿದೆ ಎಂಬುದನ್ನು ಈಗಲಾದರೂ ಪ್ರತಿ ಕುಟುಂಬಕ್ಕೆ ಅವರದೇ ಮಾತಿನಲ್ಲಿ, ಎದುರು ಕೂತು, ನಿರಾಶ್ರಿತರ ಸಂಸ್ಥೆ ತಿಳಿಸಬೇಕು.