ಎಡಗೈ ಕಲಿಯಬೇಕಾದ ಕತ್ತಿ

ಅಫಜಲಪುರ ತಾಲೂಕಿನ ಅತನೂರಿನ ಕಟಿಂಗ್ ಅಂಗಡಿಗೆ ಕೆಲಸ ಕಲಿಯಲು ಬಂದ ಹುಡುಗನ ಕೈಗೆ ಉಸ್ತರಾ ಬೇಗ ಸಿಗುವುದಿಲ್ಲ. ಕಸ ಗುಡಿಸುವುದು, ನೀರು ತುಂಬುವುದು, ಗಿರಾಕಿಯ ಕೊರಳಿಗೆ ಬಟ್ಟೆ ಕಟ್ಟುವುದು, ಆಮೇಲೆ ಬ್ರಷ್ ಹಿಡಿದು ನೊರೆ ಹಚ್ಚುವುದು. ನೊರೆ ಹಚ್ಚುವುದರಲ್ಲೇ ತಿಂಗಳುಗಳು ಹೋಗುತ್ತವೆ. ನೋಡಿದವರಿಗೆ ಇದು ಹುಡುಗನನ್ನು ಪುಕ್ಕಟೆ ದುಡಿಸಿಕೊಳ್ಳುವ ನೆಪ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಕತ್ತಿಯಿಂದ ದಾಡಿ ಮಾಡುವ ವಿದ್ಯೆಯನ್ನು ಕಲಿಸುವ ಕ್ರಮಗಳಲ್ಲಿ ನಾನು ಕಂಡಂತೆ ಇದೇ ಸರಿಯಾದದ್ದು. ಯಾರ ಗಲ್ಲದಲ್ಲಿ ಕೂದಲು ಕೆಳಮುಖವಾಗಿ ಬೆಳೆದಿದೆ, ಯಾರ ಕೊರಳಲ್ಲಿ ಅದು ಅಡ್ಡ ತಿರುಗಿದೆ, ಎಲ್ಲಿ ಮಚ್ಚೆ, ಎಲ್ಲಿ ಹಳೆಯ ಗಾಯದ ಗಂಟು ಎಂಬುದೆಲ್ಲ ನೊರೆ ತಿಕ್ಕುವ ಬೆರಳಿಗೆ ಮೊದಲೇ ಗೊತ್ತಾಗಿರುತ್ತದೆ. ಕತ್ತಿ ಬರುವ ಹೊತ್ತಿಗೆ ಮುಖ ಪರಿಚಿತವಾಗಿರುತ್ತದೆ.

ಈಗ ಉದ್ದ ಕತ್ತಿಯ ಶೋಕಿ ಮತ್ತೆ ಬಂದಿದೆ. ಪುಣೆ, ಬೆಂಗಳೂರಿನಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರು ಕತ್ತಿ ತರಿಸಿಕೊಂಡು, ವಿಡಿಯೊ ನೋಡಿ, ತಮ್ಮ ದಾಡಿ ತಾವೇ ಮಾಡಿಕೊಳ್ಳಲು ಕಲಿಯುತ್ತಾರೆ. ಅಲ್ಲಿ ಪಾಠ ಬಲಗೈಯಿಂದ ಶುರುವಾಗುತ್ತದೆ: ಕತ್ತಿ ಮೂವತ್ತು ಡಿಗ್ರಿ ಓರೆಯಲ್ಲಿರಲಿ. ಮಾತು ಸುಳ್ಳಲ್ಲ. ಅಲಗನ್ನು ಗಲ್ಲದ ಮೇಲೆ ಚಪ್ಪಟೆಯಾಗಿ ಮಲಗಿಸಿ, ಬೆನ್ನನ್ನು ಅದರ ದಪ್ಪದ ಸುಮಾರು ಒಂದೂವರೆ ಪಟ್ಟು ಎತ್ತಿದರೆ ಆ ಓರೆ ಸಿಕ್ಕಂತೆಯೇ. ಹೆಚ್ಚು ಎತ್ತಿದರೆ ಚರ್ಮ ಕೆರೆಯುತ್ತದೆ, ತೀರ ಮಲಗಿಸಿದರೆ ಕೂದಲು ಕೊಯ್ಯದೆ ಜಗ್ಗುತ್ತದೆ. ಇನ್ನು ಕೆಲವರು ಬಲೂನಿಗೆ ನೊರೆ ಹಚ್ಚಿ ಕೈ ಪಳಗಿಸಿಕೊಳ್ಳಲು ಹೇಳುತ್ತಾರೆ. ಒತ್ತದೆ ಹಗುರವಾಗಿ ಹಿಡಿಯುವುದನ್ನು ಬಲೂನು ಕಲಿಸುತ್ತದೆ, ಅಷ್ಟೇ. ಬಲೂನು ಉಬ್ಬಿ ಬಿಗಿಯಾಗಿಯೇ ಇರುತ್ತದೆ. ಮನುಷ್ಯನ ಚರ್ಮ ಹಾಗಿರುವುದಿಲ್ಲ. ಹೊಸಬರಿಗೆ ಗಾಯವಾಗುವುದು ಬಹಳ ಮಟ್ಟಿಗೆ ಇದೇ ಕಾರಣಕ್ಕೆ.

ನುರಿತವರು ದಾಡಿ ಮಾಡುವಾಗ ಅವರ ಎಡಗೈ ನೋಡಬೇಕು. ಕಿವಿಯ ಮುಂದೆ ಎರಡು ಬೆರಳೂರಿ ಚರ್ಮವನ್ನು ಮೇಲಕ್ಕೆ ಜಗ್ಗುತ್ತಾರೆ, ಕತ್ತಿ ಒಂದು ಬೆರಳಗಲ ಇಳಿಯುತ್ತದೆ, ನಿಲ್ಲುತ್ತದೆ. ಎಡಗೈ ಸರಿಯುತ್ತದೆ, ಕತ್ತಿ ಮತ್ತೆ ಇಳಿಯುತ್ತದೆ. ದವಡೆಯ ಮೂಳೆ ಬಂದಾಗ ಚರ್ಮವನ್ನೇ ಮೂಳೆಯ ಮೇಲಿನಿಂದ ಗಲ್ಲದ ಬಯಲಿಗೆ ಎಳೆದುಕೊಳ್ಳುತ್ತಾರೆ, ಆದ್ದರಿಂದ ಕತ್ತಿ ಮೂಳೆಯ ಅಂಚನ್ನು ದಾಟುವ ಪ್ರಸಂಗವೇ ಬರುವುದಿಲ್ಲ. ಬೆರಳು ಜಾರಿದರೆ ಒಮ್ಮೆ ಪಟಿಕ ಮುಟ್ಟಿದರೆ ಸಾಕು, ಹಿಡಿತ ಬರುತ್ತದೆ. ಕಲಿಯುವ ಹುಡುಗನಿಗೆ ಹಿರಿಯರು ಹೇಳುವುದು ಇಷ್ಟೇ: "ಹಗೂರ ಹಿಡಿ ತಮ್ಮಾ, ಕತ್ತಿ ತಾನ ನಡೀತದ." ಎಡಗೈ ತನ್ನ ಕೆಲಸ ಮಾಡಿದ್ದರೆ ಮಾತ್ರ ಕತ್ತಿ ತಾನಾಗಿ ನಡೆಯುತ್ತದೆ ಎಂಬುದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಕ್ರಮದ ದೊಡ್ಡ ಕೊರತೆಯೂ ಇದೇ. ಮಾಡಿ ತೋರಿಸುತ್ತಾರೆ, ತಪ್ಪಿದರೆ ಬೈಯುತ್ತಾರೆ, ಕಾರಣ ಹೇಳುವುದಿಲ್ಲ.

ಕಾರಣ ಬರೆದಿಟ್ಟವರು ಬೇರೆ ಕಡೆ ಇದ್ದರು. ಪ್ಯಾರಿಸ್ಸಿನಲ್ಲಿ ಕತ್ತಿ-ಚಾಕು ಮಾಡುತ್ತಿದ್ದ ಜಾನ್-ಜಾಕ್ ಪೆರೆ 1769ರಲ್ಲಿ ತನ್ನ ದಾಡಿ ತಾನೇ ಮಾಡಿಕೊಳ್ಳುವ ಕಲೆಯ ಮೇಲೆ ಪುಸ್ತಕವನ್ನೇ ತಂದ. ಕತ್ತಿ ಮಾಡುವವನೇ ಬಳಸುವವನಿಗೆ ವಿವರಿಸಿದ್ದು ಅದರ ಹೆಚ್ಚುಗಾರಿಕೆ. ನಮ್ಮ ಅಂಗಡಿಗಳಲ್ಲಿರುವ ತಿಳಿವಳಿಕೆ ಅದಕ್ಕಿಂತ ಕಡಿಮೆಯದಲ್ಲ. ಕನ್ನಡದಲ್ಲಿ ಅದನ್ನು ಕೂತು ಬರೆಸಿಕೊಂಡವರು ನನಗೆ ಗೊತ್ತಿಲ್ಲ.

ಇನ್ನು ಕತ್ತಿಯ ಮಾತು. ಹಳೆಯ ಉಸ್ತರಾ ಒಂದೇ ಉಕ್ಕಿನ ತುಂಡು. ಅದಕ್ಕೆ ಎರಡು ಆರೈಕೆ ಬೇಕು. ಅಪರೂಪಕ್ಕೊಮ್ಮೆ ನುಣುಪಾದ ಕಲ್ಲಿನ ಮೇಲೆ ಮಸೆಯಬೇಕು. ಬೆನ್ನು ಮತ್ತು ಅಲಗು ಎರಡೂ ಕಲ್ಲಿಗೆ ತಾಗಿರುವಂತೆ ಮಲಗಿಸಿದರೆ ಓರೆಯನ್ನು ಕೈ ಲೆಕ್ಕ ಹಾಕಬೇಕಿಲ್ಲ, ಬೆನ್ನಿನ ದಪ್ಪವೇ ನಿರ್ಧರಿಸುತ್ತದೆ. ಪ್ರತಿ ದಾಡಿಗೆ ಮುಂಚೆ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆಯಬೇಕು, ತಿರುಗಿಸುವಾಗ ಬೆನ್ನಿನ ಮೇಲೇ ಹೊರಳಿಸಬೇಕು. ಅಲಗು ಮುಂದಾದರೆ ಪಟ್ಟಿ ಹರಿಯುತ್ತದೆ, ಕತ್ತಿ ಕೆಡುತ್ತದೆ. ಕತ್ತಿಯ ವಿದ್ಯೆಯ ಅರ್ಧ ಭಾಗ ಇಲ್ಲಿದೆ. ಹರಿತವಿಲ್ಲದ ಕತ್ತಿಗೆ ಒತ್ತಡ ಬೇಕಾಗುತ್ತದೆ, ಒತ್ತಿದರೆ ಗಾಯವಾಗುತ್ತದೆ.

ಇವತ್ತು ಅಫಜಲಪುರ ತಾಲೂಕಿನಲ್ಲಿ ಯಾವ ಅಂಗಡಿಗೆ ಹೋದರೂ ಕಾಣುವುದು ಬ್ಲೇಡನ್ನು ಮುರಿದು ಅರ್ಧ ಸಿಕ್ಕಿಸುವ ಉಸ್ತರಾ. "ಹೊಸ ಬ್ಲೇಡ್ ಹಾಕ್ರಿ" ಎಂದು ಗಿರಾಕಿ ಕೇಳುತ್ತಾನೆ, ಕೇಳಲೇಬೇಕು. 1986ರಲ್ಲಿ ಚೆನ್ನೈಯಲ್ಲಿ ಎಚ್‌ಐವಿ ಪತ್ತೆಯಾದ ಮೇಲಿನ ದಶಕಗಳಲ್ಲಿ ಆ ಎಚ್ಚರ ಹಳ್ಳಿಯವರೆಗೂ ಬಂತು. ರಕ್ತದಿಂದ ಹರಡುವ ಹೆಪಟೈಟಿಸ್ ಬಿ ಕೂಡ ಸಣ್ಣ ಭಯವಲ್ಲ. ಒಂದೇ ಕತ್ತಿ ಹತ್ತು ಮುಖಗಳ ಮೇಲೆ ಆಡುವ ಕಾಲ ಮುಗಿದದ್ದು ಒಳ್ಳೆಯದಾಯಿತು, ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದರ ಜೊತೆಗೆ ಮಸೆಗಲ್ಲೂ ಪಟ್ಟಿಯೂ ಅಂಗಡಿಯಿಂದ ಹೋದವು. ಈಗ ಕಲಿಯುವ ಹುಡುಗನಿಗೆ ಓರೆ ಗೊತ್ತು, ಎಡಗೈ ಗೊತ್ತು, ಹರಿತ ಮಾಡುವುದು ಗೊತ್ತಿಲ್ಲ. ಒಬ್ಬನೇ ಬಳಸುವ ಕತ್ತಿಗೆ ಒಬ್ಬರಿಂದ ಒಬ್ಬರಿಗೆ ಹರಡುವ ಸೋಂಕಿನ ಆತಂಕ ಇಲ್ಲ. ಹಾಗಾಗಿ ಹಳೆಯ ಉಕ್ಕಿನ ಕತ್ತಿ ಉಳಿಯುವುದಾದರೆ ಮನೆಯಲ್ಲಿ, ಸ್ವಂತ ದಾಡಿಗೆ ಉಳಿಯಬೇಕು.

ಸ್ವಂತ ದಾಡಿ ಎಂದಾಗ ಇನ್ನೊಂದು ಸಂಗತಿ ಹೇಳದೆ ಇರಲಾಗದು. ನಮ್ಮ ಭಾಗದಲ್ಲಿ ಈ ಕಸುಬು ಹೆಚ್ಚಾಗಿ ಹಡಪದ ಸಮಾಜದವರದು. ರಾಶಿ ಆದಾಗ ರೈತರು ಕೊಡುವ ಜೋಳದ ಆಯವೇ ಅವರ ವರ್ಷದ ಕೂಲಿಯಾಗಿತ್ತು. ಕಲ್ಯಾಣದಲ್ಲಿ ಬಸವಣ್ಣನವರ ಒಡನಾಡಿಯಾಗಿದ್ದ, ವಚನಗಳನ್ನು ಬರೆದ ಹಡಪದ ಅಪ್ಪಣ್ಣನನ್ನು ಈ ಸಮಾಜದವರು ತಮ್ಮ ಮೂಲಪುರುಷನೆಂದು ಕಾಣುತ್ತಾರೆ. ಆ ಹೆಸರಿಗೆ ಕೈ ಮುಗಿಯುವ ಊರು ಈ ಕೈಗಳ ಕೆಲಸವನ್ನು ಕೀಳೆಂದೇ ಎಣಿಸಿತು. ಅದೇ ಆಯದ ವ್ಯವಸ್ಥೆ ದಲಿತರ ತಲೆ, ಗಡ್ಡ ಮುಟ್ಟಬಾರದೆಂದು ಕಸುಬುದಾರರ ಕೈ ಕಟ್ಟಿತ್ತು. ಅಸ್ಪೃಶ್ಯತೆಯನ್ನು ಅಪರಾಧವಾಗಿಸಿದ ಕಾಯ್ದೆ ಬಂದದ್ದು 1955ರಲ್ಲಿ. ನಿರಾಕರಣೆಯ ಸುದ್ದಿಗಳು ಕರ್ನಾಟಕದ ಹಳ್ಳಿಗಳಿಂದ ಆಮೇಲೂ ಬಂದಿವೆ. ಪ್ರಿಟೋರಿಯದಲ್ಲಿ ಬಿಳಿಯ ಕ್ಷೌರಿಕ ಒಲ್ಲೆನೆಂದಾಗ ಗಾಂಧೀಜಿ ಕನ್ನಡಿಯ ಮುಂದೆ ತಮ್ಮ ಕೂದಲು ತಾವೇ ಕತ್ತರಿಸಿಕೊಂಡರು, ಹಿಂಭಾಗ ಕೆಟ್ಟಿತು, ಅದನ್ನು ಆತ್ಮಕಥೆಯಲ್ಲಿ ಬರೆದರು. ಇಲ್ಲಿ ತಲೆತಲಾಂತರ ಹಾಗೆ ತಾವೇ ಕಲಿತುಕೊಳ್ಳಬೇಕಾದವರ ಅನುಭವ ಬರಹಕ್ಕೆ ಬಂದದ್ದು ಬಹಳ ಕಡಿಮೆ. ಕತ್ತಿ ಕಲಿಯುವುದು ಒಬ್ಬರಿಗೆ ಹವ್ಯಾಸ, ಇನ್ನೊಬ್ಬರಿಗೆ ಬೇರೆ ದಾರಿಯೇ ಇರಲಿಲ್ಲ. ಈ ಕಲೆಯನ್ನು ಹೊಗಳುವ ಬರಹ ಇದನ್ನು ಮರೆತರೆ ಅರ್ಧ ಬರಹ.

ಹೊಸಬರಿಗೆ ಹೇಳುವುದಾದರೆ, ಮೊದಲು ನೀರು ನೋಡಿಕೊಳ್ಳಿ. ಸವಳು ನೀರಿನ ಬೋರಿದ್ದಲ್ಲಿ ಸೋಪು ನೊರೆ ಕಟ್ಟುವುದಿಲ್ಲ, ಬಿಳಿ ಗಸಿ ಮಾತ್ರ ಉಳಿಯುತ್ತದೆ. ಒಣಗಿದ ನೊರೆಯ ಮೇಲೆ ಎಂಥ ಕತ್ತಿಯೂ ಜಗ್ಗುತ್ತದೆ. ಕುಡಿಯುವ ನೀರನ್ನೇ ಒಂದು ಲೋಟ ಬಿಸಿ ಮಾಡಿಕೊಳ್ಳಿ. ಮೊದಲ ಕೆಲವು ವಾರ ಗಲ್ಲಗಳೆರಡನ್ನು ಮಾತ್ರ, ಕೂದಲು ಬೆಳೆದ ದಿಕ್ಕಿನಲ್ಲಿ ಮಾಡಿಕೊಳ್ಳಿ. ಗದ್ದ, ಮೇಲ್ದುಟಿ, ಕೊರಳನ್ನು ಅಂಗಡಿಗೆ ಬಿಡಿ. ಅಲ್ಲಿ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಒರಗದೆ, ಎದುರಿನ ಕನ್ನಡಿಯಲ್ಲಿ ಅವರ ಎಡಗೈ ಎಲ್ಲಿ ಊರುತ್ತದೆ, ಯಾವ ಕಡೆ ಜಗ್ಗುತ್ತದೆ ನೋಡಿ. ತಿಳಿಯದಿದ್ದರೆ ಕೇಳಿ. ದಾಡಿಯ ದುಡ್ಡಿನ ಜೊತೆ ಪಾಠದ ದುಡ್ಡನ್ನೂ ಕೊಡಿ.